ಮಂಡಿ ಸವೆತಕ್ಕೆ ಹೈಡ್ರೋಜೆಲ್ ಬರುವವರೆಗೆ ಕಾಯಬೇಕಾ?

ವಿರಾಜಪೇಟೆ ಹತ್ತಿರದ ತೋಟದಲ್ಲಿರುವ ನಿಮ್ಮ ತಂದೆಗೆ 64 ವರ್ಷ, ಎರಡೂ ಮಂಡಿ ಸವೆದಿವೆ, ಡಾಕ್ಟರ್ ಮಂಡಿ ಬದಲಿಸಲು ಹೇಳಿದ್ದಾರೆ, ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಗಳ ಮೇಲಿರುವ ನುಣುಪಾದ ಮೆತ್ತೆ) ಮತ್ತೆ ಬೆಳೆಸೋಕೆ ಅಂತ ಹೇಳುವ ಹೈಡ್ರೋಜೆಲ್ ಬರುವವರೆಗೆ ಕಾಯೋದಾ ಅಂತ ಕೇಳಿದ್ದೀರಿ. ಅದಕ್ಕಾಗಿ ಕಾಯಬೇಡಿ ಅನ್ನೋದು ನನ್ನ ಅಭಿಪ್ರಾಯ.

ಹೈಡ್ರೋಜೆಲ್ ಅಂದ್ರೆ ತುಂಬಾ ನೀರು ಹಿಡಿದಿಟ್ಟುಕೊಳ್ಳುವ ಪಾಲಿಮರ್ (ಸರಪಳಿಯಂಥ ಉದ್ದ ಅಣುಗಳ) ಬಲೆ. ಜೆಲಾಟಿನ್‌ನಿಂದಲೋ ಕಡಲಕಳೆಯ ಆಲ್ಜಿನೇಟ್‌ನಿಂದಲೋ ಮಾಡುತ್ತಾರೆ. ಕಟ್ಟಡಕ್ಕೆ ಕಟ್ಟುವ ಸಾರುವೆ ತರಹ ಅದು. ಜೀವಕೋಶಗಳು ಅದರೊಳಗೆ ನೆಲೆಯೂರಿ ಹೊಸ ಅಂಗಾಂಶ ಕಟ್ಟುತ್ತವೆ, ಜೆಲ್ ನಿಧಾನವಾಗಿ ಕರಗುತ್ತದೆ. ಬೇಗ ಕರಗಿದರೆ ಆಧಾರವೇ ಇರಲ್ಲ. ಕರಗದೇ ಉಳಿದರೆ ಹೊಸದಕ್ಕೆ ಜಾಗ ಇಲ್ಲ. ಮಂಡಿಯಲ್ಲಂತೂ ಇನ್ನೂ ಕಷ್ಟ, ಮೆತ್ತಗಿನ ಜೆಲ್ ಮೈಭಾರದ ಹಲವು ಪಟ್ಟು ಒತ್ತಡ ತಡೆಯಬೇಕು. ಕಾರ್ಟಿಲೇಜ್‌ಗೆ ರಕ್ತನಾಳವೂ ಇಲ್ಲ, ಹಾಗಾಗಿ ತಾನಾಗಿ ವಾಸಿಯಾಗುವ ಶಕ್ತಿ ಕಡಿಮೆ.

ಮುಖ್ಯ ವಿಷಯ ಇನ್ನೊಂದಿದೆ. ಇಂಥ ಚಿಕಿತ್ಸೆಗಳು ಹೆಚ್ಚಾಗಿ ಪೆಟ್ಟು ಬಿದ್ದು ಒಂದು ಕಡೆ ಗುಂಡಿಯಾದ ಕಾರ್ಟಿಲೇಜ್‌ಗೆ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ 'ಮೇಸಿ' ಕೂಡ ಅಂಥದ್ದಕ್ಕೇ. ಅದು ಜೆಲ್ ಅಲ್ಲ, ರೋಗಿಯದೇ ಕೋಶ ಬೆಳೆಸಿದ ಕೊಲಾಜೆನ್ ಪೊರೆ. ಇಡೀ ಕೀಲು ಸವೆದಿದ್ದರೆ ಅದು ಬೇರೆ ಕಥೆ.

ಈಗ ಮಂಡಿಗೆ ಕೊಡುವ 'ಜೆಲ್ ಇಂಜೆಕ್ಷನ್' ಹೆಚ್ಚಾಗಿ ಹಯಲುರಾನಿಕ್ ಆಮ್ಲದ್ದು, ಅಂದ್ರೆ ಕೀಲಿನ ದ್ರವದಲ್ಲಿ ಸಹಜವಾಗಿರುವ ಜಾರಿಕೆಯ ವಸ್ತು. ಕೆಲವರಿಗೆ ಸ್ವಲ್ಪ ಕಾಲ ನೋವು ಕಡಿಮೆ ಆಗಬಹುದು, ಕಾರ್ಟಿಲೇಜ್ ಬೆಳೆಯಲ್ಲ. ಬೆಳೆಯುತ್ತೆ ಅಂತ ಯಾರಾದರೂ ಹೇಳಿದರೆ, ದುಡ್ಡು ಕಟ್ಟುವ ಮೊದಲು ಒಳಗೆ ಏನಿದೆ ಅಂತ ಬರೆಸಿಕೊಳ್ಳಿ.

ಆಪರೇಷನ್‌ಗೆ ಸಮಯ ಇದ್ದರೆ, ಅಲ್ಲಿವರೆಗೆ ಫಿಸಿಯೋಥೆರಪಿಯವರ ಹತ್ತಿರ ತೊಡೆ ಗಟ್ಟಿಮಾಡುವ ವ್ಯಾಯಾಮ ಕಲಿಸಿ. ಕಾಫಿ ಮೂಟೆ ಹೊತ್ತು ಇಳಿಜಾರು ಇಳಿಯೋದನ್ನು ಮಾತ್ರ ಇವತ್ತೇ ನಿಲ್ಲಿಸಿ.