ಆ ‘ಗಣ್ಯರು’ ಯಾರು, ಹೇಳಿಬಿಡಿ

ನಮಸ್ಕಾರ,

ಹತ್ತೊಂಬತ್ತನೇ ಶತಮಾನದ ಕೊನೆಯ ಅಮೆರಿಕದ ಪಾಪ್ಯುಲಿಸ್ಟ್ ರೈತರ ಬಗ್ಗೆ ನೀವು ಕಳಿಸಿದ ‘ಜನಪ್ರಿಯ ರಾಜಕಾರಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ. ಒಳ್ಳೆಯ ವಿಷಯ ಹಿಡಿದಿದ್ದೀರಿ.

ತೊಡಕು ಶೀರ್ಷಿಕೆಯಲ್ಲೇ ಶುರುವಾಗುತ್ತದೆ. ಪಾಪ್ಯುಲಿಸಂ ಅನ್ನೋದಕ್ಕೆ ‘ಜನಪ್ರಿಯ’ ಅಂತ ಬರೆದಿದ್ದೀರಿ. ಇದು ನಿಮ್ಮೊಬ್ಬರ ತಪ್ಪಲ್ಲ. ಬಜೆಟ್ ಬಂತು ಅಂದರೆ ನಮ್ಮ ಪತ್ರಿಕೆಗಳೂ ‘ಜನಪ್ರಿಯ ಯೋಜನೆ’ ಅಂತಲೇ ಬರೆಯುತ್ತವೆ. ಅಲ್ಲಿ ಅದಕ್ಕೆ ಓಟಿಗಾಗಿ ಕೊಡುವ ಸವಲತ್ತು ಅಂತ ಅರ್ಥ. ನಿಮ್ಮ ಎರಡನೇ ಪ್ಯಾರಾ ನೋಡಿ: ‘ಜನಪ್ರಿಯ ನಾಯಕರು ಜನಪ್ರಿಯ ಘೋಷಣೆಗಳಿಂದ ಜನಪ್ರಿಯರಾದರು.’ ಮೂರು ಸಲ ಬಂದ ಪದಕ್ಕೆ ಮೂರು ಬೇರೆ ಅರ್ಥ. ಜನ ಮೆಚ್ಚಿದವರು ಜನಪ್ರಿಯರು, ಅಷ್ಟೇ. ಪಾಪ್ಯುಲಿಸ್ಟ್ ಚುನಾವಣೆಯಲ್ಲಿ ಸೋತು ಮನೆ ಸೇರಿದರೂ ಪಾಪ್ಯುಲಿಸ್ಟೇ. ‘ಇತ್ತ ದುಡಿಯುವ ಜನ, ಅತ್ತ ಮೇಲೆ ಕೂತು ಸುಲಿಯುವವರು, ಜನರ ಪರ ಮಾತಾಡುವವರು ನಾವು ಮಾತ್ರ’ ಅನ್ನುವ ಮಾತೇ ಅವರ ಗುರುತು. ಅದಕ್ಕೆ ಹೊಸ ಕನ್ನಡ ಪದ ಕಟ್ಟಲು ಒದ್ದಾಡಬೇಡಿ. ಪಾಪ್ಯುಲಿಸಂ ಅಂತಲೇ ಬರೆದು, ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ.

ಇನ್ನು ‘ಗಣ್ಯರು’. ಇಂಗ್ಲಿಷಿನ ‘ಎಲೀಟ್’, ಅಂದರೆ ಪಾಪ್ಯುಲಿಸ್ಟರು ಬೆರಳು ತೋರಿಸುವ ಮೇಲಿನವರು, ಅನ್ನೋದಕ್ಕೆ ಇದನ್ನು ಬಳಸಿದ್ದೀರಿ. ಹನ್ನೊಂದು ಕಡೆ ಈ ಪದ ಬಂದಿದೆ, ಒಂದು ಕಡೆಯೂ ಅವರು ಯಾರು ಅಂತ ಹೇಳಿಲ್ಲ. ಕನ್ನಡದಲ್ಲಿ ಗಣ್ಯರು ಅಂದರೆ ಗೌರವದ ಮಾತು. ವೇದಿಕೆ ಮೇಲೆ ಕೂತವರನ್ನು ಹಾಗೆ ಕರೆಯುತ್ತೇವೆ. ಅಮೆರಿಕದ ನಡುವಿನ ಕ್ಯಾನ್ಸಸ್ ರಾಜ್ಯದ ರೈತರಿಗೆ ಸಿಟ್ಟಿದ್ದದ್ದು ಅಂಥವರ ಮೇಲಲ್ಲ, ಅಲ್ವಾ? ಅವರ ಊರಿನಿಂದ ಗೋಧಿ ಪೇಟೆಗೆ ಹೋಗಬೇಕಾದರೆ ಎಷ್ಟೋ ಕಡೆ ಇದ್ದದ್ದು ಒಂದೇ ಕಂಪನಿಯ ರೈಲು. ಕಂಪನಿ ಹೇಳಿದ್ದೇ ಬಾಡಿಗೆ. ಡಾಲರಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿಹಾಕಿದ್ದರಿಂದ ಚಲಾವಣೆಯಲ್ಲಿ ಹಣ ಕಡಿಮೆ ಇತ್ತು, ಬೆಳೆಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಸಾಲ ಮಾತ್ರ ಪತ್ರದಲ್ಲಿ ಬರೆದಷ್ಟೇ. ಅಂದರೆ ಅದೇ ನೂರು ಡಾಲರ್ ತೀರಿಸಲು ಮೊದಲಿಗಿಂತ ಜಾಸ್ತಿ ಮೂಟೆ ಮಾರಬೇಕು. ಇದು ನಿಮ್ಮ ಲೇಖನದ ಆರನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋಗಿದೆ. ನನಗೆ ತುಂಬಾ ಬೇಸರವಾಯಿತು. ಲೇಖನದ ಜೀವ ಇರುವುದೇ ಅಲ್ಲಿ.

ಆ ಸಿಟ್ಟಿನಿಂದಲೇ ಪೀಪಲ್ಸ್ ಪಾರ್ಟಿ ಹುಟ್ಟಿತು. ಲ್ಯಾಟಿನ್ನಿನಲ್ಲಿ ‘ಪಾಪ್ಯುಲಸ್’ ಅಂದರೆ ಜನ. ಆ ಪಕ್ಷದವರು ಪಾಪ್ಯುಲಿಸ್ಟರಾದರು. 1892ರ ಜುಲೈನಲ್ಲಿ ಒಮಾಹಾದಲ್ಲಿ ಸೇರಿ ಅವರು ಕೇಳಿದ್ದೇನು? ರೈಲು, ಟೆಲಿಗ್ರಾಫ್ ಸರ್ಕಾರದ ಕೈಗೆ ಬರಲಿ. ಜಾಸ್ತಿ ಆದಾಯಕ್ಕೆ ಜಾಸ್ತಿ ತೆರಿಗೆ ಇರಲಿ. ಚಲಾವಣೆಯ ಹಣ ಹೆಚ್ಚಲು ಬೆಳ್ಳಿಯ ನಾಣ್ಯಕ್ಕೆ ತಡೆ ಬೇಡ. ಆಗ ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದ ಸೆನೆಟರುಗಳನ್ನು, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯರನ್ನು, ಜನರೇ ಆರಿಸಲಿ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಹೆಚ್ಚು ಮತ ಬಂದವು. ಸೋತರು. ಆದರೆ ಸೆನೆಟರುಗಳ ನೇರ ಚುನಾವಣೆ 1913ರಲ್ಲಿ ಸಂವಿಧಾನವನ್ನೇ ಸೇರಿತು. ನೀವು ಇವರನ್ನು ‘ಜನರನ್ನು ಮರುಳು ಮಾಡಿದವರು’ ಅಂದಿದ್ದೀರಿ. ಈ ಬೇಡಿಕೆಗಳನ್ನು ಮುಂದಿಟ್ಟುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿ. ನನಗಂತೂ ಒಪ್ಪಲು ಆಗಲಿಲ್ಲ.

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ರಿಪಬ್ಲಿಕನ್ ಟ್ರಂಪ್, ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ಹೊರಟಿದ್ದ ಬರ್ನಿ ಸ್ಯಾಂಡರ್ಸ್ ಇಬ್ಬರನ್ನೂ ಪಾಪ್ಯುಲಿಸ್ಟ್ ಅಂತಲೇ ಕರೆದರು. ಟ್ರಂಪ್ ಬೆರಳು ಹೆಚ್ಚಾಗಿ ವಾಷಿಂಗ್ಟನ್ನಿನ ರಾಜಕಾರಣಿಗಳು, ಪತ್ರಕರ್ತರ ಕಡೆ. ಸ್ಯಾಂಡರ್ಸ್‌ದು ವಾಲ್‌ಸ್ಟ್ರೀಟಿನ ದೊಡ್ಡ ಬ್ಯಾಂಕುಗಳ ಕಡೆ. ಹಾಗಾಗಿ ಈ ಪದ ಬರೆದಾಗಲೆಲ್ಲ, ಬೆರಳು ಯಾರ ಕಡೆ ಇದೆ ಅಂತ ಪಕ್ಕದಲ್ಲೇ ಹೇಳಿಬಿಡಿ. ಅದಿಲ್ಲದಿದ್ದರೆ ಪದ ಸುಮ್ನೆ ಬೈಗುಳ ಆಗಿಬಿಡುತ್ತದೆ.

ರೈಲಿನ ಪ್ಯಾರಾವನ್ನು ಮೊದಲಿಗೆ ತನ್ನಿ, ಬೆಳೆಸಿ. ಕೊನೆಯ ಎರಡು ಪುಟ ತೆಗೆದುಬಿಡಿ. ತಿದ್ದಿದ ಪ್ರತಿ ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ