ತಪಾಸಣೆಗೆ ಹೋದ ಗಂಟೆಗಳ ಸಂಬಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿರುವ ಔಷಧಿ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿ ಮೂರು ವಾರವಾಯಿತು. ಈಗ ನನಗೆ ನಾಲ್ಕು ತಿಂಗಳು. ತಪಾಸಣೆಗೆ ಹೋಗಲು ಅನುಮತಿ ಕೇಳಿದಾಗ, ಅನಾರೋಗ್ಯ ರಜೆ ಇನ್ನೂ ಕೂಡಿಲ್ಲವಾದ್ದರಿಂದ ಸಂಬಳವಿಲ್ಲದೆ ಹೋಗಬೇಕೆಂದೂ, ಬಂದ ಮೇಲೆ ಸ್ಕ್ಯಾನಿಂಗ್ ವರದಿಯನ್ನು ತೋರಿಸಬೇಕೆಂದೂ ಮ್ಯಾನೇಜರ್ ಹೇಳಿದರು. ಇದು ಸರಿಯೇ?

ಉತ್ತರ: ಎರಡೂ ಮಾತು ಸರಿಯಲ್ಲ. 2025ರ ಜನವರಿ 1ರಿಂದ ನ್ಯೂಯಾರ್ಕ್ ರಾಜ್ಯದ ಖಾಸಗಿ ಸಂಸ್ಥೆಗಳಲ್ಲಿ, ಅವು ಎಷ್ಟೇ ಚಿಕ್ಕದಾಗಿರಲಿ, ದುಡಿಯುವ ಪ್ರತಿಯೊಬ್ಬ ಗರ್ಭಿಣಿಗೂ 52 ವಾರಗಳ ಅವಧಿಯಲ್ಲಿ 20 ಗಂಟೆಗಳ ವೇತನಸಹಿತ ರಜೆ ತಪಾಸಣೆಗೆಂದೇ ದೊರೆಯುತ್ತದೆ. ಅರೆಕಾಲಿಕ ಕೆಲಸದವರಿಗೂ ಅಷ್ಟೇ ಗಂಟೆಗಳು. ಅನಾರೋಗ್ಯ ರಜೆಯು 30 ಗಂಟೆ ದುಡಿದರೆ ಒಂದು ಗಂಟೆಯಂತೆ ನಿಧಾನವಾಗಿ ಕೂಡುತ್ತದೆ. ಈ ರಜೆ ಹಾಗಲ್ಲ, ಕೆಲಸಕ್ಕೆ ಸೇರಿದ ದಿನದಿಂದಲೇ ಪೂರ್ತಿಯಾಗಿ ನಿಮ್ಮದು. ಹೀಗಾಗಿ ಮೂರು ವಾರದ ಹೊಸಬಳೆಂಬ ಅಳುಕು ನಿಮಗೆ ಬೇಡ. ಮೊದಲು ಬೇರೆ ರಜೆಯನ್ನು ಮುಗಿಸಿ ಬನ್ನಿ ಎಂದು ಮಾಲೀಕರು ಹೇಳುವಂತಿಲ್ಲ, ನಿಮ್ಮ ಆರೋಗ್ಯದ ಗೋಪ್ಯ ವಿವರಗಳನ್ನೂ ವರದಿಗಳನ್ನೂ ಕೇಳುವಂತಿಲ್ಲ. ಅಂಗಡಿಯಲ್ಲಿ ರಜೆ ತಿಳಿಸುವ ವಾಡಿಕೆ ಹೇಗಿದೆಯೋ ಹಾಗೆ ಮುಂಚಿತವಾಗಿ ತಿಳಿಸಿದರೆ ಸಾಕು. ಬರವಣಿಗೆಯಲ್ಲಿ ತಿಳಿಸಿ, ಅದರ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಆಮೇಲೂ ಒಪ್ಪದಿದ್ದರೆ ರಾಜ್ಯದ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಹಾಗೆ ಕೊಟ್ಟದ್ದಕ್ಕಾಗಿ ನಿಮ್ಮನ್ನು ಶಿಕ್ಷಿಸುವುದನ್ನೂ ಕಾನೂನು ನಿಷೇಧಿಸಿದೆ.

ರಜೆಯನ್ನು ಗಂಟೆಗಳ ಲೆಕ್ಕದಲ್ಲಿ ಪಡೆಯಬಹುದು ಎಂಬುದನ್ನು ನೆನಪಿಡಿ, ಏಕೆಂದರೆ ಬೆಳಗಿನ ಒಂದು ರಕ್ತಪರೀಕ್ಷೆಗೆ ಇಡೀ ದಿನವನ್ನು ಕಳೆದುಕೊಳ್ಳಬೇಕಿಲ್ಲ. ಬಸಿರಿನಲ್ಲಿ ಕನಿಷ್ಠ 8 ಬಾರಿ ತಪಾಸಣೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. 20 ಗಂಟೆಯನ್ನು ಅದರಿಂದ ಭಾಗಿಸಿದರೆ ಒಂದು ಭೇಟಿಗೆ ಎರಡೂವರೆ ಗಂಟೆ ಬರುತ್ತದೆ. ಎಲ್ಲವೂ ಸುಸೂತ್ರವಾಗಿದ್ದರೆ ಇದು ಸಾಲಬಹುದು. ಆದರೆ ಬಸಿರಿನಲ್ಲಿ ಸಕ್ಕರೆ ಅಂಶವೋ ರಕ್ತದೊತ್ತಡವೋ ಏರಿ ಪದೇ ಪದೇ ವೈದ್ಯರ ಬಳಿ ಹೋಗಬೇಕಾದವರಿಗೆ, ಅಂದರೆ ತಪಾಸಣೆ ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ, ಇದು ಸಾಲದು. ಕಾನೂನಿನ ದೊಡ್ಡ ಕೊರತೆ ಇದೇ ಎಂದು ನಾನು ಭಾವಿಸುತ್ತೇನೆ. ಅಂಥವರು ಕೂಡಿಟ್ಟ ಅನಾರೋಗ್ಯ ರಜೆಯನ್ನು ಕೊನೆಯ ತಿಂಗಳುಗಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಬಾಣಂತನದ ತಪಾಸಣೆಗಳಿಗೆ ಈ 20 ಗಂಟೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಪತ್ನಿಯ ಜೊತೆ ಹೋಗಲು ನನಗೂ ಈ ರಜೆ ಸಿಗುತ್ತದೆಯೇ? ನಾನೂ ನ್ಯೂಯಾರ್ಕಿನಲ್ಲೇ ಕೆಲಸ ಮಾಡುತ್ತೇನೆ.

ಉತ್ತರ: ಇಲ್ಲ, ಆರೈಕೆ ಪಡೆಯುವವರಿಗೆ ಮಾತ್ರ. ಬ್ರಿಟನ್ನಿನಲ್ಲಿ 2014ರ ಅಕ್ಟೋಬರ್‌ನಿಂದ ಸಂಗಾತಿಗೂ ಎರಡು ಭೇಟಿಗಳಿಗೆ, ತಲಾ ಆರೂವರೆ ಗಂಟೆಯವರೆಗೆ, ವೇತನವಿಲ್ಲದ ಬಿಡುವು ಇದೆ. ನ್ಯೂಯಾರ್ಕಿನಲ್ಲಿ ನೀವು ನಿಮ್ಮ ಸ್ವಂತ ಅನಾರೋಗ್ಯ ರಜೆಯನ್ನು ಬಳಸಿಕೊಳ್ಳಬಹುದು. ಕುಟುಂಬದವರ ವೈದ್ಯಕೀಯ ತಪಾಸಣೆಗೂ ಅದನ್ನು ಪಡೆಯಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ.