ಕೆಂಪು ಮಣ್ಣಿಗೆ ಇಷ್ಟೊಂದು ಹೆಸರು ಯಾಕೆ ಅಂದವನಿಗೆ, ಸಂಡೂರಿನಿಂದ

"ಕೆಂಪು ಮಣ್ಣು ಅಗೆದು ಲಾರಿಗೆ ತುಂಬೋ ಕೆಲಸಕ್ಕೆ ಇಷ್ಟೊಂದು ಪದ ಬೇಕಾ?" ಅಂತ ಕೇಳಿದೆ. ಅಷ್ಟಕ್ಕೇ ಬಿಡಲಿಲ್ಲ, "ಅಂದಹಾಗೆ ಸಂಡೂರು ಕರ್ನಾಟಕದಲ್ಲೇ ಇದೆ ತಾನೇ?" ಅಂತಲೂ ಸೇರಿಸಿದೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಬೆಂಗಳೂರಲ್ಲಿ ಕೂತು ಕೇಳುವುದು ಸುಲಭ. ಬರುವ ವಾರ ನೀನೇ ಇಲ್ಲಿನ ಗಣಿ ಆಫೀಸಿನಲ್ಲಿ ಲೆಕ್ಕ ಬರೆಯೋಕೆ ಕೂರುವವನು. ಮೊದಲ ದಿನವೇ "ಮಣ್ಣು ಎಷ್ಟು ಟನ್ ಹೋಯ್ತು?" ಅಂತ ಕೇಳಿಬಿಟ್ಟರೆ ಲಾರಿ ತೂಗುವ ವೇಬ್ರಿಡ್ಜಿನ ಹುಡುಗರು ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ನಗುತ್ತಾರೆ.

ಇಲ್ಲಿ ಅದನ್ನು ಮಣ್ಣು ಅನ್ನುವುದಿಲ್ಲ. ಕಾಗದದಲ್ಲಿ ಕಬ್ಬಿಣದ ಅದಿರು, ಬಾಯಲ್ಲಿ ಮೆಟೀರಿಯಲ್. "ಮೆಟೀರಿಯಲ್ ಬಂತಾ?" ಅಂದರೆ ಅದಿರು ಬಂತಾ ಅಂತ ಅರ್ಥ.

ಸುಲಭದ ಪದಗಳನ್ನು ಬೇಗ ಮುಗಿಸೋಣ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುತ್ತೇವೆ, ಒಂದೊಂದು ಮೆಟ್ಟಿಲೂ ಒಂದು ಬೆಂಚ್. ಟಿಪ್ಪರ್ ಓಡಾಡುವ ದಾರಿ ಹಾಲ್ ರೋಡ್. ಅದಿರಿನ ಮೇಲೆ ಕೂತಿರುವ ಬೇಡದ ಕಲ್ಲು, ಮಣ್ಣು ಎಲ್ಲಾ ಓಬಿ, ಅಂದರೆ ಓವರ್‌ಬರ್ಡನ್. ಅದನ್ನು ತೆಗೆದು ಸುರಿಯುವ ಜಾಗ ಡಂಪ್. ಬೆಂಚಿನಿಂದ ಎತ್ತಿ ಇನ್ನೂ ಕ್ರಶರ್ ನೋಡದ ಅದಿರು ಆರ್‌ಓಎಂ. ಪದರ ಯಾವ ದಿಕ್ಕಿಗೆ ಓಡುತ್ತದೆ ಅನ್ನುವುದು ಸ್ಟ್ರೈಕ್, ಎಷ್ಟು ವಾಲಿದೆ ಅನ್ನುವುದು ಡಿಪ್. ಇಷ್ಟು ತಿಳಿದಿದ್ದರೆ ಮೊದಲ ವಾರ ಮಾನ ಉಳಿಯುತ್ತದೆ.

ಲಂಪ್ಸ್ ಮತ್ತು ಫೈನ್ಸ್ ನಿನ್ನ ರಿಜಿಸ್ಟರಿನಲ್ಲಿ ದಿನಾ ಬರುತ್ತವೆ. 10 ಮಿಲಿಮೀಟರ್ ಜರಡಿಯಿಂದ ಕೆಳಗೆ ಬಿದ್ದದ್ದು ಫೈನ್ಸ್, ಮೇಲೆ ಉಳಿದದ್ದು ಲಂಪ್ಸ್. ಲಂಪ್ಸ್ ಅನ್ನು ನೇರ ಫರ್ನೇಸಿಗೆ ಹಾಕಬಹುದು. ಪುಡಿ ಹಾಕಿದರೆ ಸಂದುಗಳೆಲ್ಲಾ ಮುಚ್ಚಿ ಬಿಸಿ ಗಾಳಿ ಮೇಲೇರುವುದಿಲ್ಲ. ಅದಕ್ಕೇ ಫೈನ್ಸ್ ಅನ್ನು ಮೊದಲು ಸುಟ್ಟು ಹೆಪ್ಪುಗಟ್ಟಿಸಿ ಸಿಂಟರ್, ಅಥವಾ ಉಂಡೆ ಕಟ್ಟಿ ಸುಟ್ಟು ಪೆಲೆಟ್ ಮಾಡಿ ಗಟ್ಟಿ ಮಾಡಿಕೊಳ್ಳಬೇಕು. ಬೆಲೆ ಬೇರೆ ಬೇರೆ ಆಗುವುದೂ ಅದಕ್ಕೇ.

ಬ್ಲೂ ಡಸ್ಟ್ ಅಂತ ಒಂದು ಬರುತ್ತದೆ. ನೀಲಿ ಹುಡುಕಬೇಡ, ನೀಲಿ ಇರಲ್ಲ. ಉಕ್ಕಿನ ಬಣ್ಣದ ನಯವಾದ ಪುಡಿ, ಬಿಸಿಲಿಗೆ ಹಿಡಿದರೆ ಮಿಣಮಿಣ ಅನ್ನುತ್ತದೆ. ಗುಡ್ಡದೊಳಗೇ ಪುಡಿಯಾಗಿ ಕೂತಿರುವ ಒಳ್ಳೇ ಜಾತಿಯ ಹೆಮಟೈಟ್ ಅದು. ಹೆಮಟೈಟ್ ಅಂದರೆ ನಮ್ಮ ಅದಿರಿನ ಮುಖ್ಯ ಕಬ್ಬಿಣದ ಖನಿಜ. ಒಂದು ಹಿಡಿ ಎತ್ತಿದರೆ ಗಾತ್ರಕ್ಕೂ ಭಾರಕ್ಕೂ ತಾಳೆಯೇ ಆಗುವುದಿಲ್ಲ.

ಇನ್ನು ಬಿಎಚ್‌ಕ್ಯೂ, ಅಂದರೆ ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್, ಪಟ್ಟಿ ಪಟ್ಟಿಯ ಕಲ್ಲು. ಇದು ನಮ್ಮ ಗುಡ್ಡದ ಮೂಲಪುರುಷ. ಸಂಡೂರಿನ ಗುಡ್ಡಸಾಲನ್ನು ಭೂವಿಜ್ಞಾನದವರು ಸಂಡೂರು ಶಿಸ್ಟ್ ಬೆಲ್ಟ್ ಅನ್ನುತ್ತಾರೆ, ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಆ ಕಾಲದ ಸಮುದ್ರದ ತಳದಲ್ಲಿ ಕಬ್ಬಿಣದ ಒಂದು ಪದರ, ಸಿಲಿಕದ ಒಂದು ಪದರ ಅಂತ ಕೂರುತ್ತಾ ಹೋಯಿತು. ಮುರಿದು ನೋಡಿದರೆ ಬೂದು ಪಟ್ಟಿ, ಬಿಳಿ ಪಟ್ಟಿ, ಥೇಟ್ ಜಮಖಾನ. ಬಿಳಿಯ ಬದಲು ಕೆಂಪು ಜಾಸ್ಪರ್ ಇದ್ದರೆ ಬಿಎಚ್‌ಜೆ ಅನ್ನುತ್ತೇವೆ. ಆಮೇಲೆ ಕೋಟ್ಯಂತರ ವರ್ಷ ನೀರು ಇಳಿದು ಇಳಿದು ಕೆಲವು ಕಡೆ ಸಿಲಿಕ ಕರಗಿ ಹೋಯಿತು, ಕಬ್ಬಿಣ ಉಳಿಯಿತು. ಹಾಗೆ ಉಳಿದದ್ದೇ ನಾವು ಮಾರುವ ಅದಿರು. ನೀರು ಸರಿಯಾಗಿ ಇಳಿಯದ ಕಡೆ ಬಿಎಚ್‌ಕ್ಯೂ ಹಾಗೇ ಇದೆ, ಡ್ರಿಲ್ ಬಿಟ್ ತಿನ್ನುವಷ್ಟು ಗಟ್ಟಿ. ಎರಡೂ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಇರುತ್ತವೆ.

ನೀನು ಕೆಂಪು ಮಣ್ಣು ಅಂದೆಯಲ್ಲ, ಅದು ಏನು ಅಂತ ಇಲ್ಲಿಗೆ ಬಂದ ಮೇಲೆ ತೋರಿಸುತ್ತೇನೆ. ಲ್ಯಾಬಿನಲ್ಲಿ ಮೆರುಗು ಇಲ್ಲದ ಪಿಂಗಾಣಿ ಬಿಲ್ಲೆ ಇದೆ. ಕಪ್ಪಗೆ ಮಿಂಚುವ ಹೆಮಟೈಟ್ ತುಂಡನ್ನು ಅದರ ಮೇಲೆ ಗೀಚಿದರೆ ಗೆರೆ ಬರುವುದು ಕೆಂಪುಕಂದು. ಗೋಥೈಟ್ ಅನ್ನುವ ಇನ್ನೊಂದು ಕಬ್ಬಿಣದ ಖನಿಜ ಆದರೆ ಹಳದಿಕಂದು, ಮ್ಯಾಂಗನೀಸ್ ಅದಿರಾದರೆ ಕಪ್ಪು. ಕಲ್ಲು ಯಾವ ಬಣ್ಣದ್ದಾದರೂ ಇರಲಿ, ಪುಡಿಯ ಬಣ್ಣ ಸುಳ್ಳು ಹೇಳುವುದಿಲ್ಲ. ನಮ್ಮ ರಸ್ತೆ, ಬೇವಿನ ಮರ, ಬಸ್ಸಿನ ಸೀಟು, ನನ್ನ ಅಂಗಿಯ ಕಾಲರ್ ಮೇಲಿರುವುದೂ ಆ ಪುಡಿಯೇ. ಟಿಪ್ಪರ್ ಚಕ್ರಕ್ಕೆ ಸಿಕ್ಕಿ ಅರೆದುಹೋದ ಅದಿರು.

ಇಲ್ಲಿಯವರೆಗಿನದು ಯಾವ ಪುಸ್ತಕದಲ್ಲೂ ಸಿಗುತ್ತದೆ. ದಿನಾ ನನ್ನ ತಲೆ ತಿನ್ನುವುದು ಬೇರೆಯೇ. ಯಾವುದು ಅದಿರು, ಯಾವುದು ವೇಸ್ಟ್?

ಕಲ್ಲು ನೋಡಿ ಹೇಳಬಹುದು ಅಂತ ನಿನಗೆ ಅನಿಸುತ್ತದೆ. ಆಗುವುದಿಲ್ಲ. ಶುದ್ಧ ಹೆಮಟೈಟಿನಲ್ಲಿ ಕಬ್ಬಿಣ ಸುಮಾರು 70 ಪರ್ಸೆಂಟ್. ಅದಕ್ಕಿಂತ ಜಾಸ್ತಿ ಅಂತ ಯಾರಾದರೂ ಹೇಳಿದರೆ ಅವರು ಮ್ಯಾಗ್ನೆಟೈಟ್ ಅನ್ನುವ ಬೇರೆ ಕಬ್ಬಿಣದ ಖನಿಜದ ಬಗ್ಗೆ ಮಾತಾಡುತ್ತಿರಬೇಕು, ಇಲ್ಲಾ ಮಾರೋಕೆ ಕೂತಿರಬೇಕು. ಅಲ್ಲಿಂದ ಕೆಳಗೆ 65, 62, 58, 50 ಅಂತ ಇಳಿಯುತ್ತಾ ಬಿಎಚ್‌ಕ್ಯೂವರೆಗೆ ಹೋಗುತ್ತದೆ. ನಡುವೆ ಎಲ್ಲೂ ಗುಡ್ಡ ತಾನಾಗಿ ಗೆರೆ ಎಳೆದಿಲ್ಲ. ಎಳೆಯುವವರು ಇಬ್ಬರು, ಒಂದು ಮಾರುಕಟ್ಟೆ, ಇನ್ನೊಂದು ಸರ್ಕಾರ. ತೆಗೆಯುವ ಖರ್ಚು ಕಳೆದು ಲಾಭ ಉಳಿದರೆ ಅದಿರು, ಉಳಿಯದಿದ್ದರೆ ವೇಸ್ಟ್. ಆ ಗೆರೆಗೆ ಕಟ್‌ಆಫ್ ಅನ್ನುತ್ತೇವೆ, ಬೆಲೆ ಏರಿದಾಗ ಅದು ಕೆಳಗಿಳಿಯುತ್ತದೆ. ಸರ್ಕಾರದ ಗೆರೆಗೆ ಥ್ರೆಶೋಲ್ಡ್ ಅಂತ ಹೆಸರು, ಅದನ್ನು ನಿಗದಿ ಮಾಡುವುದು ಇಂಡಿಯನ್ ಬ್ಯೂರೋ ಆಫ್ ಮೈನ್ಸ್. ಹೆಮಟೈಟಿಗೆ ಮೊದಲು 55 ಇತ್ತು, 2009ರಲ್ಲಿ 45 ಮಾಡಿದರು. ಅಂದರೆ ಒಂದು ಕಾಗದ ಬಂದ ದಿನ, 50 ಪರ್ಸೆಂಟಿನ ಡಂಪುಗಳೆಲ್ಲಾ ಇದ್ದ ಜಾಗದಲ್ಲೇ ಖನಿಜ ಆಗಿಬಿಟ್ಟವು. ಥ್ರೆಶೋಲ್ಡಿಗಿಂತ ಮೇಲೆ, ಆದರೆ ಕೊಳ್ಳುವವರಿಲ್ಲ ಅನ್ನುವಂಥದ್ದು ಸಬ್‌ಗ್ರೇಡ್. ಅದನ್ನು ವೇಸ್ಟ್ ಜೊತೆ ಬೆರೆಸುವ ಹಾಗಿಲ್ಲ, ಬೇರೆಯೇ ರಾಶಿ ಹಾಕಿ ಕಾಯಬೇಕು. ಹಳೇ ಡಂಪುಗಳಲ್ಲಿ ಎಲ್ಲಾ ಬೆರೆತು ಕೂತಿದೆ. ಯಾವುದು ಏನು ಅಂತ ಹೇಳುವ ಕೆಲಸ ನಮ್ಮ ಸ್ಯಾಂಪ್ಲಿಂಗ್‌ನವರದು.

ಸ್ಯಾಂಪಲ್ ತೆಗೆಯುವುದನ್ನು ಒಮ್ಮೆ ನಿಂತು ನೋಡು. ರಾಶಿ ಸುರಿದಾಗ ದಪ್ಪ ಕಲ್ಲು ಉರುಳಿ ಬುಡಕ್ಕೆ ಬರುತ್ತದೆ, ಪುಡಿ ಮೇಲೇ ಉಳಿಯುತ್ತದೆ. ಎರಡರ ಗ್ರೇಡೂ, ಅಂದರೆ ಕಬ್ಬಿಣದ ಪರ್ಸೆಂಟೂ, ಒಂದೇ ಇರಲ್ಲ. ಬುಡದಲ್ಲೇ ಬಗ್ಗಿ ಚೀಲ ತುಂಬಿಕೊಂಡವನು ಒಂದು ಸಂಖ್ಯೆ ತರುತ್ತಾನೆ, ಮೇಲೆ ಹತ್ತಿದವನು ಇನ್ನೊಂದು. ಅದಕ್ಕೇ ಸುತ್ತಲೂ, ಬೇರೆ ಬೇರೆ ಎತ್ತರದಲ್ಲಿ, ಸ್ವಲ್ಪ ಸ್ವಲ್ಪ ತೆಗೆಯಬೇಕು. ತೆಗೆದದ್ದನ್ನು ಕುಟ್ಟಿ, ಬೆರೆಸಿ, ಗೋಪುರದ ಹಾಗೆ ಗುಡ್ಡೆ ಹಾಕಿ, ತುದಿ ಒತ್ತಿ ಚಪ್ಪಟೆ ಮಾಡಿ, ತಗಡಿನಿಂದ ಅಡ್ಡ ಉದ್ದ ಗೆರೆ ಹಾಕಿ ನಾಲ್ಕು ಪಾಲು ಮಾಡುತ್ತೇವೆ. ಎದುರು ಬದುರಿನ ಎರಡು ಪಾಲು ಬಿಸಾಕಿ, ಉಳಿದೆರಡನ್ನು ಸೇರಿಸಿ ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. ಬೊಗಸೆಯಷ್ಟು ಉಳಿಯುವವರೆಗೂ ಇದೇ. ಅದನ್ನು ಒಲೆಯಲ್ಲಿ ಒಣಗಿಸಿ, ನುಣ್ಣಗೆ ಅರೆದು, ಆಸಿಡ್‌ನಲ್ಲಿ ಕರಗಿಸಿ, ಡೈಕ್ರೋಮೇಟ್ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ನೇರಳೆ ಬಣ್ಣ ತಿರುಗಿದ ತೊಟ್ಟಿಗೆ ಲೆಕ್ಕ ನಿಲ್ಲುತ್ತದೆ, ಅಲ್ಲಿವರೆಗೆ ಎಷ್ಟು ಹಿಡಿಯಿತು ಅನ್ನುವುದರಿಂದ ಕಬ್ಬಿಣ ಎಷ್ಟು ಅಂತ ಗೊತ್ತಾಗುತ್ತದೆ. ಈಗ ಎಕ್ಸ್-ರೇ ಬಿಟ್ಟು ಅಳೆಯುವ ಎಕ್ಸ್‌ಆರ್‌ಎಫ್ ಮಿಷನ್‌ಗಳು ಬಂದಿವೆ. ಆದರೆ ಮಿಷನ್ ಓದುವುದು ನೀನು ಕೊಟ್ಟ ಬೊಗಸೆಯನ್ನು, ರಾಶಿಯನ್ನಲ್ಲ.

ನಮ್ಮ ಲ್ಯಾಬ್ 58.2 ಅನ್ನುತ್ತದೆ. ಕೊಳ್ಳುವವರ ಲ್ಯಾಬ್ 57.7 ಅನ್ನುತ್ತದೆ. ಇಬ್ಬರೂ ಕಳ್ಳರಲ್ಲ, ಒಂದೇ ರಾಶಿ ಅಷ್ಟು ಆಚೀಚೆ ಆಗುವುದು ಸಹಜ. ಆದರೆ ದರದ ಪಟ್ಟಿಯಲ್ಲಿ 55ರಿಂದ 58 ಒಂದು ಮೆಟ್ಟಿಲು, 58ರಿಂದ 60 ಇನ್ನೊಂದು. ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಅಂದರೆ ಆ ಮೆಟ್ಟಿಲಿನ ಸರಾಸರಿ ಮಾರಾಟ ಬೆಲೆಯ 15 ಪರ್ಸೆಂಟ್, ಅದರ ಮೇಲೆ ಡಿಎಂಎಫ್, ಅಂದರೆ ಜಿಲ್ಲಾ ಖನಿಜ ನಿಧಿಯ ಪಾಲು ಬೇರೆ. ಅರ್ಧ ಪರ್ಸೆಂಟಿನ ಜಗಳ ಅನ್ನಬೇಡ, ಇಡೀ ರಾಶಿ ಒಂದು ಮೆಟ್ಟಿಲು ಜಾರುತ್ತದೆ. ಸಾಲದ್ದಕ್ಕೆ ಗ್ರೇಡ್ ಲೆಕ್ಕ ಒಣಗಿದ ಪುಡಿಯದು, ವೇಬ್ರಿಡ್ಜ್ ತೂಗುವುದು ಒದ್ದೆ ಅದಿರನ್ನು. ಮಳೆಗಾಲದಲ್ಲಿ ನಾವು ನೀರನ್ನೂ ಟನ್ ಲೆಕ್ಕದಲ್ಲಿ ಸಾಗಿಸುತ್ತೇವೆ. ನಿನ್ನ ಹಾಗೆ ಲೆಕ್ಕದವರು ಬಂದು "ಸರಿಯಾದ ನಂಬರ್ ಒಂದೇ ಹೇಳಿ ಸಾರ್" ಅಂದಾಗ ನನಗೆ ನಗು ಬರುತ್ತದೆ. ಈಗೀಗ ನಗುವುದನ್ನೂ ಬಿಟ್ಟಿದ್ದೇನೆ.

ವೇಸ್ಟ್ ಅಂದರೆ ಬಿಸಾಕಿದ್ದು, ಅದರ ಚಿಂತೆ ಯಾಕೆ ಅಂತ ಕೇಳಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಲೀಸ್‌ಗಳನ್ನೆಲ್ಲಾ ಅಳೆದು ಎ, ಬಿ, ಸಿ ಅಂತ ವಿಂಗಡಿಸಿದರು. ಲೀಸಿನ ಗಡಿ ದಾಟಿ ಅಗೆದದ್ದು 10 ಪರ್ಸೆಂಟ್‌ವರೆಗೆ, ಗಡಿ ದಾಟಿ ಡಂಪ್ ಸುರಿದದ್ದು 15 ಪರ್ಸೆಂಟ್‌ವರೆಗೆ ಇದ್ದರೆ ಬಿ. ಅದಕ್ಕೂ ಮೀರಿದರೆ ಸಿ. 2013ರ ಏಪ್ರಿಲ್‌ನಲ್ಲಿ ಸಿ ವರ್ಗದ 49 ಲೀಸ್ ರದ್ದಾದವು. ಬೇಡ ಅಂತ ಸುರಿದ ಕಲ್ಲು ಎಲ್ಲಿ ಬಿದ್ದಿದೆ ಅನ್ನುವುದರ ಮೇಲೂ ಗಣಿಯ ಹಣೆಬರಹ ನಿಂತಿತ್ತು. ಅಕ್ರಮ ಮಾಡಿದ್ದು ಕೆಲವರು. ಮನೆಯಲ್ಲಿ ಕೂತದ್ದು ಡ್ರೈವರ್, ಕ್ಲೀನರ್, ಲೋಡಿಂಗ್‌ನವರು, ದಾರಿಬದಿಯ ಪಂಕ್ಚರ್ ಅಂಗಡಿಯವರು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು. ಆಂಧ್ರದ ಗಡಿಗೆ ಅಂಟಿಕೊಂಡ ಬಿ ವರ್ಗದ 7 ಲೀಸ್‌ಗಳಿಗೆ, ರಾಜ್ಯದ ಗಡಿ ತೀರ್ಮಾನ ಆಗುವವರೆಗೂ ಕೆಲಸ ಶುರು ಮಾಡಬೇಡಿ ಅಂತ. ಈಗ ನಿನ್ನ ಎರಡನೇ ಪ್ರಶ್ನೆಗೆ ಬಂದೆ ನೋಡು. ಗಡಿ ಹಾದುಹೋಗುವುದು ಬಳ್ಳಾರಿ ಮೀಸಲು ಅರಣ್ಯದ ಗುಡ್ಡಗಳ ಮೇಲೆ. ಗಡಿಗೆ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಹಳೇ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಿದರು. ಗುರುತಿನ ಕಲ್ಲುಗಳೂ ಹೋದವು. ಆಮೇಲೆ ಹಳೇ ನಕ್ಷೆ ಹಿಡಿದು ಸರ್ವೆ ಆಫ್ ಇಂಡಿಯಾದವರು ಬಂದು ಗಡಿ ಅಳೆಯಬೇಕಾಯಿತು. ಅದಿರಿನ ಪದರಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದು ತನ್ನ ಸ್ಟ್ರೈಕ್ ಹಿಡಿದು ಈ ರಾಜ್ಯದಿಂದ ಆ ರಾಜ್ಯಕ್ಕೆ ಹೋಗುತ್ತದೆ.

ಸಂಡೂರು ಕರ್ನಾಟಕದಲ್ಲೇ ಇದೆ ಮಾರಾಯ. ಮರಾಠಿ ಮನೆತನದ ಘೋರ್ಪಡೆಯವರ ಸಂಸ್ಥಾನ ಆಗಿತ್ತು, 1949ರಲ್ಲಿ ಮದ್ರಾಸಿಗೆ ಸೇರಿತು, 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ಅದೇ ದಿನ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮತ್ತೆಯ ಮನೆ ರಾಯದುರ್ಗದಲ್ಲಿದೆ. ಅವರ ಮನೆಮಾತು ಇವತ್ತಿಗೂ ಕನ್ನಡ. ನಮ್ಮ ಬೆಂಚಿನ ಮೇಲೆ ಕನ್ನಡ, ತೆಲುಗು, ಲಂಬಾಣಿ, ಉರ್ದು ಎಲ್ಲಾ ನಡೆಯುತ್ತದೆ. ಬ್ಲಾಸ್ಟಿಂಗ್‌ಗೆ ಸೈರನ್ ಹೊಡೆದಾಗ ಯಾವ ಭಾಷೆಯಲ್ಲಿ ಕೂಗಿದರೂ ಎಲ್ಲರೂ ಓಡುತ್ತಾರೆ. ಬೆಂಗಳೂರಿಗೆ ಬಂದರೆ ಮಾತ್ರ ನಾವು ಎರಡು ಥರ. ಮಾತಾಡಿದರೆ ತೆಲುಗಿನವರು, ಊರ ಹೆಸರು ಹೇಳಿದರೆ ಹೆಲಿಕಾಪ್ಟರ್ ಇಟ್ಟುಕೊಂಡ ಗಣಿ ಧಣಿಗಳು. ನನ್ನ ಹತ್ತಿರ ಇರುವುದು ಸೈಲೆನ್ಸರ್ ಕಿತ್ತುಹೋದ ಬೈಕು. ನೀನು ಕಟ್ಟಿಸಿದ ಮನೆಯ ಕಂಬಿಗಳಲ್ಲಿ ನಮ್ಮ ಪಕ್ಕದ ತೋರಣಗಲ್ಲಿನ ಕಾರ್ಖಾನೆಯ ಉಕ್ಕು ಇದ್ದರೂ ಇರಬಹುದು. ಅದಕ್ಕೆ ಯಾರೂ "ನೀನು ಯಾವ ರಾಜ್ಯದ ಕಂಬಿ?" ಅಂತ ಕೇಳಿರಲಿಕ್ಕಿಲ್ಲ.

ಸರಿ, ಜಾಸ್ತಿ ಆಯಿತು. ಕೆಲಸದ ಮಾತಿಗೆ ಬರುತ್ತೇನೆ. ಆಫೀಸಿನ ಹಿಂದಿನ ಗುಡ್ಡದ ಬದಿಯಲ್ಲಿ ಒಂದು ಹಳೇ ಡಂಪ್ ಇದೆ. ನಮ್ಮ ಸ್ಯಾಂಪಲ್ ಪ್ರಕಾರ ಅದು 46, ಅಂದರೆ ಸಬ್‌ಗ್ರೇಡ್. ಹೊರಗಿನ ಲ್ಯಾಬಿನ ಪ್ರಕಾರ 44, ಅಂದರೆ ವೇಸ್ಟ್. ಅದನ್ನು ಸ್ಟಾಕಿನಲ್ಲಿ ಬರೆಯಬೇಕಾ ಬೇಡವಾ ಅಂತ ನಿನಗಿಂತ ಮುಂಚೆ ಇದ್ದವರು ತೀರ್ಮಾನ ಮಾಡದೆ ಟ್ರಾನ್ಸ್‌ಫರ್ ತಗೊಂಡು ಹೋದರು. ಫೈಲು ನಿನ್ನ ಟೇಬಲ್ಲಿನ ಎಡಗಡೆ ಡ್ರಾಯರಿನಲ್ಲಿದೆ.